ಅವನತಿಯಲ್ಲ, ಚಾಳೀಸು

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು. ಮೈಸೂರು ಗಂಜೀಫಾ ಎಲೆಗಳ ಎರಡು ಕಟ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ ಬರೆದದ್ದು. ಎರಡೂ ಒಂದೇ ಕೈಯ ಕೆಲಸ ಎಂದು ಕಾಣುತ್ತದೆ. ಆದರೆ ಮೊದಲ ಕಟ್ಟಿನಲ್ಲಿ ದೇವರ ರೆಪ್ಪೆಯ ಕೂದಲು ಒಂದೊಂದಾಗಿ ಎಣಿಸುವ ಹಾಗಿವೆ. ಎರಡನೆಯದರಲ್ಲಿ ರೆಪ್ಪೆ ಒಂದೇ ಗೆರೆಯಾಗಿದೆ, ಬೆರಳುಗಳು ಕೂಡಿಕೊಂಡಿವೆ, ಸೀರೆಯ ಅಂಚಿನ ಚುಕ್ಕಿಗಳು ದಪ್ಪವಾಗಿವೆ. ನಾನು ಬರೆದದ್ದು ಇಷ್ಟು: ಆಸ್ಥಾನದ ಆಶ್ರಯ ಕ್ಷೀಣಿಸಿದ ಮೇಲೆ ಶೈಲಿಯಲ್ಲಿ ಕಾಣುವ ಅವನತಿಗೆ ಇದು ಉದಾಹರಣೆ.

ಆ ಅಧ್ಯಾಯವನ್ನು ನಮ್ಮ ಮೇಷ್ಟ್ರಿಗೆ ಓದಿ ಹೇಳಿದೆ. ಅವರು ವಿಶ್ವವಿದ್ಯಾಲಯದ ಮೇಷ್ಟ್ರಲ್ಲ. ಮೈಸೂರಿನ ಹಳೆಯ ಬೀದಿಯೊಂದರ ಮನೆಯಲ್ಲಿ ಕೂತು ನಲವತ್ತು ವರ್ಷದಿಂದ ಸಾಂಪ್ರದಾಯಿಕ ಚಿತ್ರ ಬರೆಯುವವರು. ಕುಂಚ ಹಿಡಿಯುವುದನ್ನು, ಮಕ್ಕು ಅರೆಯುವುದನ್ನು ನನಗೆ ತೋರಿಸಿಕೊಟ್ಟವರು. ವಯಸ್ಸು ಅರವತ್ತೊಂದು. ಕೇಳಿಸಿಕೊಂಡು ಸುಮ್ಮನೆ ಕೂತರು. ಆಮೇಲೆ, "ಆ ಎಲೆ ಬರೆದೋನಿಗೆ ಆಗ ಎಷ್ಟು ವಯಸ್ಸಾಗಿತ್ತಮ್ಮಾ?" ಎಂದರು.

"ಗೊತ್ತಿಲ್ಲ ಮೇಷ್ಟ್ರೇ. ಹೆಸರೇ ಗೊತ್ತಿಲ್ಲ."

"ಮತ್ತೆ ಅವನತಿ ಅಂತ ಹೇಗೆ ಬರೆದೆ? ಚಾಳೀಸು ಇರಬಹುದಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ನಾನು ತಂದಿದ್ದ ಫೋಟೋ ಕೈಗೆ ತಗೊಂಡು, ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ, ಕಿಟಕಿಯ ಕಡೆ ತಿರುಗಿಸಿ ನೋಡಿದರು. ಆರು ತಿಂಗಳಿಂದ ಅವರು ಸಣ್ಣ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ಗಂಜೀಫಾ ಎಲೆ ಬೇಕು ಎಂದು ಬಂದವರಿಗೆ, ಪುರುಸೊತ್ತಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಪುರುಸೊತ್ತು ಬೇಕಾದಷ್ಟಿತ್ತು. ಇಲ್ಲದ್ದು ಕಣ್ಣು ಎಂದು ನನಗೆ ಗೊತ್ತಾದದ್ದು ಆವತ್ತು.

ಚಾಳೀಸು ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಇದೆ. ಹಿಂದೂಸ್ತಾನಿಯಲ್ಲಿ ನಲವತ್ತಕ್ಕೆ ಚಾಲೀಸ್. ನಲವತ್ತು ದಾಟಿದ ಮೇಲೆ ಬರುವ ಕಣ್ಣಿನ ಮಬ್ಬಿಗೂ ಅದೇ ಹೆಸರು, ಅದಕ್ಕೆ ಹಾಕುವ ಕನ್ನಡಕಕ್ಕೂ ಅದೇ ಹೆಸರು. ಇದು ರೋಗವಲ್ಲ. ಕಣ್ಣೊಳಗಿನ ಮಸೂರ ವರ್ಷದಿಂದ ವರ್ಷಕ್ಕೆ ಗಡಸಾಗುತ್ತಾ ಹೋಗುತ್ತದೆ. ಹತ್ತಿರದ್ದನ್ನು ನೋಡಲು ಉಬ್ಬಬೇಕಾದಷ್ಟು ಉಬ್ಬುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಸುಮಾರು 10 ಸೆಂಟಿಮೀಟರ್ ಹತ್ತಿರದ ಗೆರೆಯೂ ಸ್ಪಷ್ಟ. ನಲವತ್ತರ ಹೊತ್ತಿಗೆ ಅದು 20-25 ಸೆಂಟಿಮೀಟರಿಗೆ ಸರಿಯುತ್ತದೆ, ಐವತ್ತರಲ್ಲಿ ಅರ್ಧ ಮೀಟರಿನ ಸುಮಾರಿಗೆ, ಅರವತ್ತರಲ್ಲಿ ಇನ್ನೂ ಆಚೆಗೆ. ಪತ್ರಿಕೆ ಓದುವವರು ಕೈ ಚಾಚಿ ನಿಭಾಯಿಸುತ್ತಾರೆ. ಆದರೆ ಕುಂಚ ಹಿಡಿದ ಕೈಗೆ ಅಷ್ಟು ಉದ್ದವಿಲ್ಲ.

ಕಲೆಯ ಚರಿತ್ರೆ ಬರೆಯುವ ನಾವು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಆಶ್ರಯದಾತ ಯಾರು, ಬಣ್ಣ ಎಲ್ಲಿಂದ ಬಂತು, ಯಾವ ಪ್ರಭಾವ ಯಾವ ದಾರಿಯಿಂದ ಬಂತು ಎಂದೆಲ್ಲ ಹುಡುಕುತ್ತೇವೆ. ಬರೆದವನಿಗೆ ಕಾಣಿಸುತ್ತಿತ್ತೇ ಎಂದು ಕೇಳುವುದಿಲ್ಲ. ಚಿಕಣಿ ಚಿತ್ರದ ಮಟ್ಟಿಗಾದರೂ ಅದು ಮೊದಲು ಕೇಳಬೇಕಾದ ಪ್ರಶ್ನೆ ಎಂದು ಆವತ್ತಿನ ಮೇಲೆ ನನಗೆ ಅನ್ನಿಸಿದೆ.

*

'ಮಿನಿಯೇಚರ್' ಎಂಬ ಪದಕ್ಕೂ ಸಣ್ಣದು ಎಂಬ ಅರ್ಥಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಲ್ಯಾಟಿನ್‌ನಲ್ಲಿ ಮಿನಿಯಂ ಎಂದರೆ ಕೆಂಪು ಸೀಸದ ಬಣ್ಣ. ಹಸ್ತಪ್ರತಿಗಳ ಮೊದಲ ಅಕ್ಷರಗಳನ್ನು ಅದರಿಂದ ಅಲಂಕರಿಸುತ್ತಿದ್ದರು. ಆ ಕೆಲಸದ ಹೆಸರು ಮುಂದೆ ಹಸ್ತಪ್ರತಿಯ ಚಿತ್ರಕ್ಕೂ, ಕೊನೆಗೆ ಎಲ್ಲ ಪುಟ್ಟ ಚಿತ್ರಕ್ಕೂ ಅಂಟಿಕೊಂಡಿತು. ಅಂದರೆ ಇದು ಪುಸ್ತಕದ ಕಲೆ, ಕೈಯಲ್ಲಿ ಹಿಡಿದು ನೋಡುವ ಕಲೆ. ಗೋಡೆಯ ಚಿತ್ರವನ್ನು ನೋಡುಗ ಬೇಕಾದಷ್ಟು ದೂರ ನಿಂತು ನೋಡಬಹುದು. ಚಿಕಣಿ ಚಿತ್ರಕ್ಕೆ ದೂರ ಗೊತ್ತಾಗಿರುತ್ತದೆ: ಪುಸ್ತಕ ಹಿಡಿದ ಕೈಗೂ ಕಣ್ಣಿಗೂ ಇರುವಷ್ಟು. ಬರೆಯುವವನದು ಅದಕ್ಕಿಂತ ಇನ್ನೂ ಹತ್ತಿರ.

ಅದೇ ದೂರಕ್ಕಾಗಿ ಹುಟ್ಟಿದ ಸಾಧನ ಕನ್ನಡಕ. ಹದಿಮೂರನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಅದು ಬಂತು. ಜೋರ್ದಾನೊ ದಾ ಪೀಸಾ ಎಂಬ ಸಂನ್ಯಾಸಿ 1306ರಲ್ಲಿ ಫ್ಲಾರೆನ್ಸ್‌ನಲ್ಲಿ ಮಾಡಿದ ಉಪದೇಶವೊಂದರಲ್ಲಿ, ಈ ಕಲೆ ಕಂಡುಹಿಡಿದು ಇನ್ನೂ ಇಪ್ಪತ್ತು ವರ್ಷ ಆಗಿಲ್ಲ ಎಂದು ಹೇಳಿದ್ದಾನೆ. ಮೊದಲು ಬಂದದ್ದು ನಡುವೆ ಉಬ್ಬಿದ ಪೀನ ಮಸೂರ, ಅಂದರೆ ಚಾಳೀಸು ಕನ್ನಡಕವೇ. ದೂರದೃಷ್ಟಿ ಇಲ್ಲದವರಿಗೆ ಬೇಕಾದ ನಿಮ್ನ ಮಸೂರ ಬರುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. 1352ರಲ್ಲಿ ತೊಮ್ಮಾಸೊ ದಾ ಮೊದೆನಾ ಎಂಬ ಚಿತ್ರಕಾರ ಟ್ರೆವಿಸೊ ಊರಿನ ಮಠದ ಗೋಡೆಯ ಮೇಲೆ ಮೂಗಿಗೆ ಕನ್ನಡಕ ಸಿಕ್ಕಿಸಿಕೊಂಡು ಬರೆಯುತ್ತಿರುವ ಹಿರಿಯನೊಬ್ಬನನ್ನು ಚಿತ್ರಿಸಿದ. ಕನ್ನಡಕದ ಚಿತ್ರಗಳಲ್ಲಿ ನಮಗೆ ಗೊತ್ತಿರುವ ಅತಿ ಹಳೆಯದು ಅದು.

ಪರ್ಷಿಯಾಕ್ಕೆ ಅದು ಫಿರಂಗಿ ಗಾಜು ಎಂಬ ಹೆಸರಿನಲ್ಲಿ ಬಂತು. ಹೆರಾತಿನ ಕವಿ ಜಾಮಿ (1414-1492) ಮುಪ್ಪಿನಲ್ಲಿ, ಫಿರಂಗಿ ಗಾಜಿನ ನೆರವಿಲ್ಲದೆ ತನ್ನ ಕಣ್ಣು ನಡೆಯುವುದಿಲ್ಲ ಎಂದು ಹೇಳಿಕೊಂಡಿದ್ದಾನೆ. ಇನ್ನೊಂದು ಸಾಕ್ಷಿ ನಮ್ಮ ಮನೆಬಾಗಿಲಲ್ಲೇ ಇದೆ. ವಿಜಯನಗರದ ವ್ಯಾಸರಾಯರ ಜೀವನ ಕುರಿತು ಅವರ ಕಾಲದವನೇ ಆದ ಸೋಮನಾಥ ಕವಿ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಬರೆದ. ಅದರಲ್ಲಿ ವೃದ್ಧ ಯತಿಗಳು ಓದುವಾಗ 'ಉಪಲೋಚನಗೋಲ' ಬಳಸಿದ ಮಾತು ಬರುತ್ತದೆ. ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಕೆದಕಿದ ಪುಣೆಯ ವಿದ್ವಾಂಸ ಪಿ. ಕೆ. ಗೋಡೆ ಇದನ್ನು 1520ರ ಸುಮಾರಿನ ಸಾಕ್ಷಿ ಎಂದು ಎತ್ತಿ ತೋರಿಸಿದರು. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ವಿಜಯನಗರಕ್ಕೂ ಅವರಿಗೂ ಕೊಡುಕೊಳ್ಳುವಿಕೆ ಇತ್ತು. ಕಣ್ಣಿಗೆ ಉಪಕಾರ ಮಾಡುವ ಇನ್ನೊಂದು ಕಣ್ಣು ಎಂಬಂತೆ ಹೆಸರಿಟ್ಟ ಆ ಕವಿಗೆ ಅದು ಹೊಸ ವಸ್ತು. ಗುರುಗಳ ಮಹಿಮೆ ಹೇಳುವ ಕಾವ್ಯದಲ್ಲಿ ಗುರುಗಳ ಕಣ್ಣು ಮಂಜಾಗಿತ್ತು ಎಂದು ಹೇಳಲು ಅವನು ಹಿಂಜರಿಯಲಿಲ್ಲ ಎಂಬುದು ನನಗೆ ಇಷ್ಟವಾಗುತ್ತದೆ.

*

ಏಕೆಂದರೆ ಚಿತ್ರಕಾರರ ಲೋಕದಲ್ಲಿ ಹಿಂಜರಿಕೆ ಇತ್ತು. ನಮ್ಮ ಮೇಷ್ಟ್ರ ಗುರುಗಳು ಕೊನೆಯವರೆಗೂ ಬರಿಗಣ್ಣಲ್ಲೇ ಬರೆದರಂತೆ. ಅವರ ಗುರುಗಳು ಸಾಸಿವೆ ಕಾಳಿನ ಮೇಲೆ ಗಣಪತಿ ಬರೆದಿದ್ದರಂತೆ. ಇಂಥ ಕಥೆ ಎಲ್ಲ ಪರಂಪರೆಯಲ್ಲೂ ಇದೆ. ತಬ್ರೀಜ್‌ನಿಂದ ಬಂದು ಹುಮಾಯೂನನ ಆಸ್ಥಾನ ಸೇರಿದ ಕಲಾವಿದರ ಬಗ್ಗೆ ಆ ಆಸ್ಥಾನದಿಂದ ಹೊರಟ ಪತ್ರವೊಂದು, ಒಂದು ಅಕ್ಕಿಕಾಳಿನ ಮೇಲೆ ಪೋಲೋ ಆಟದ ಮೈದಾನವನ್ನೇ ಕುದುರೆ ಸವಾರರ ಸಮೇತ ಬರೆದರು ಎಂದು ಕೊಚ್ಚಿಕೊಳ್ಳುತ್ತದೆ. ಸಣ್ಣದಾದಷ್ಟೂ ಹೊಗಳಿಕೆ. ಕಣ್ಣು ಸೋತಿತು ಎಂದರೆ ಕಲೆಯೇ ಸೋತ ಹಾಗೆ.

ಆದರೆ ಅದೇ ತಬ್ರೀಜ್ ಕಲಾವಿದರಿಂದಲೇ ಇನ್ನೊಂದು ಚಿತ್ರ ನಮಗೆ ಸಿಕ್ಕಿದೆ. ಮೀರ್ ಮುಸವ್ವಿರ್ ಎಂಬ ಹಿರಿಯ ಚಿತ್ರಕಾರನನ್ನು ಅವನ ಮಗ ಮೀರ್ ಸಯ್ಯದ್ ಅಲಿ ಬರೆದ ಚಿತ್ರ ಅದು. ಈಗ ಪ್ಯಾರಿಸ್‌ನ ಗೀಮೆ ವಸ್ತುಸಂಗ್ರಹಾಲಯದಲ್ಲಿದೆ. ಬಿಳಿ ಗಡ್ಡದ ಮುದುಕ ಮನವಿ ಪತ್ರವೊಂದನ್ನು ಹಿಡಿದಿದ್ದಾನೆ. ಮೂಗಿನ ಮೇಲೆ ಕನ್ನಡಕವಿದೆ. ಮೊಘಲ್ ಚಿತ್ರಗಳಲ್ಲಿ ಕನ್ನಡಕ ಕಾಣುವ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಮಗ ಬೇಕೆಂದಿದ್ದರೆ ಅದನ್ನು ತೆಗೆದು ಬರೆಯಬಹುದಿತ್ತು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ ಚಿತ್ರ ಇಸ್ಫಹಾನಿನದು. ಷಾ ಅಬ್ಬಾಸನ ಆಸ್ಥಾನದ ದೊಡ್ಡ ಕಲಾವಿದ ರಿಜಾ ಅಬ್ಬಾಸಿಯನ್ನು ಅವನ ಶಿಷ್ಯ ಮುಈನ್ ಮುಸವ್ವಿರ್ ಬರೆದದ್ದು. ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದೆ. ರಿಜಾ ನೆಲದ ಮೇಲೆ ಕೂತು ಬಾಗಿ ಕೆಲಸ ಮಾಡುತ್ತಿದ್ದಾನೆ. ಕಣ್ಣಿಗೆ ದುಂಡು ಗಾಜಿನ ಕನ್ನಡಕ. ಬರೆಯುತ್ತಿರುವುದು ಯುರೋಪಿನ ಉಡುಪು ತೊಟ್ಟ ಒಬ್ಬನ ಚಿತ್ರ. ಶಿಷ್ಯ ಚಿತ್ರದ ಮೇಲೆಯೇ ವಿವರ ಬರೆದಿಟ್ಟಿದ್ದಾನೆ. ಶುರುಮಾಡಿದ್ದು ಹಿಜರಿ 1044ರಲ್ಲಿ, ಅಂದರೆ ಕ್ರಿ.ಶ. 1635; ಅದಾದ ಮುಂದಿನ ತಿಂಗಳೇ ರಿಜಾ ತೀರಿಕೊಂಡ. ಮುಗಿಸಿದ್ದು ಹಿಜರಿ 1084ರಲ್ಲಿ, ಕ್ರಿ.ಶ. 1673, ತನ್ನ ಮಗನ ಕೋರಿಕೆಯ ಮೇಲೆ. ಚಾಂದ್ರಮಾನದ ಲೆಕ್ಕದಲ್ಲಿ ಸರಿಯಾಗಿ ನಲವತ್ತು ವರ್ಷ.

ಶುರುಮಾಡಿದಾಗ ಮುಈನ್ ಎಳೆಯ ಹುಡುಗ. ಗುರುವಿನ ಕನ್ನಡಕ ಅವನಿಗೆ ಬರೀ ಒಂದು ವಿವರವಾಗಿತ್ತೋ ಏನೋ. ಮುಗಿಸುವಾಗ ಅವನೇ ಐವತ್ತು ದಾಟಿದ್ದ. ಆ ಎರಡು ದುಂಡು ಗಾಜುಗಳನ್ನು ನೋಡಿದಾಗ ಅವನಿಗೆ ಏನನ್ನಿಸಿತು ಎಂದು ಊಹಿಸುವುದು ಕಷ್ಟವಲ್ಲ. ಗುರುವನ್ನು ನೆನಪಿಸಿಕೊಳ್ಳಲು ಅವನು ಉಳಿಸಿಕೊಂಡ ಗುರುತುಗಳಲ್ಲಿ ಕನ್ನಡಕವೂ ಸೇರಿತ್ತು. ಅಕ್ಕಿಕಾಳಿನ ಕಥೆಗಿಂತ ನನಗೆ ಇದು ದೊಡ್ಡದು.

*

ಕನ್ನಡಕ ಎಲ್ಲರಿಗೂ ಸಿಗುತ್ತಿರಲಿಲ್ಲ, ಸಿಕ್ಕರೂ ಸರಿಹೊಂದುತ್ತಿರಲಿಲ್ಲ. ಆಗ ಏನು ಮಾಡುತ್ತಿದ್ದರು? ಅಕ್ಬರನ ಕಾರ್ಖಾನೆಯ ಹಸ್ತಪ್ರತಿಗಳಲ್ಲಿ ಚಿತ್ರದ ಅಂಚಿನ ಕೆಳಗೆ ಗುಮಾಸ್ತರು ಹೆಸರು ಬರೆದಿಟ್ಟಿದ್ದಾರೆ. ವಿನ್ಯಾಸ ಒಬ್ಬರದು, ಬಣ್ಣ ತುಂಬಿದ್ದು ಮತ್ತೊಬ್ಬರು, ಕೆಲವು ಕಡೆ ಮುಖ ಬರೆದವರು ಮೂರನೆಯವರು. ಬಸಾವನನಂಥ ಹಿರಿಯರು ವಿನ್ಯಾಸ ಹಾಕಿಕೊಟ್ಟು ಕಿರಿಯರು ಮುಗಿಸಿದ ಪುಟಗಳು ಎಷ್ಟೋ ಇವೆ. ಇದನ್ನು ಕೆಲಸದ ವೇಗಕ್ಕಾಗಿ ಮಾಡಿಕೊಂಡ ವಿಭಜನೆ ಎಂದು ನಾವು ಓದಿದ್ದೇವೆ, ಅದು ಸರಿಯೇ. ಆದರೆ ಅದರಿಂದ ಇನ್ನೊಂದು ಅನುಕೂಲವೂ ಇತ್ತು ಎಂದು ನನ್ನ ಊಹೆ. ಐವತ್ತೈದರ ತಲೆಗೆ ಇಪ್ಪತ್ತರ ಕಣ್ಣು ಜೊತೆ ಸಿಗುತ್ತಿತ್ತು. ಒಂಟಿಯಾಗಿ ಮನೆಯಲ್ಲಿ ಕೂತು ಬರೆಯುವ ಇವತ್ತಿನ ಕಲಾವಿದನಿಗೆ ಆ ಸೌಲಭ್ಯ ಇಲ್ಲ.

ಮತ್ತೊಂದು ಗುಂಪಿಗೆ ಚಾಳೀಸಿನ ಕಾಟವೇ ಕಡಿಮೆ. ದೂರದ್ದು ಕಾಣದವರು, ಅಂದರೆ ಮೈನಸ್ ನಂಬರಿನವರು. ಮೈನಸ್ 4 ಇರುವವರು ಕನ್ನಡಕ ತೆಗೆದರೆ 25 ಸೆಂಟಿಮೀಟರ್ ದೂರದ್ದು ಎಪ್ಪತ್ತರಲ್ಲೂ ನಿಚ್ಚಳ. ಮುಪ್ಪಿನಲ್ಲೂ ಬರಿಗಣ್ಣಲ್ಲಿ ಬರೆದರು ಎಂಬ ಗುರುಗಳ ಕಥೆಗಳಲ್ಲಿ ಕೆಲವಾದರೂ ನಿಜವಾಗಿರಬಹುದು. ಆದರೆ ಅದು ತಪಸ್ಸಿನ ಫಲವಲ್ಲ. ಆ ಮಹನೀಯರಿಗೆ ಬೀದಿಯ ಕೊನೆಯಲ್ಲಿ ನಿಂತವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಚಿಕಣಿ ಭಾವಚಿತ್ರಗಳನ್ನು ಬರೆದ ನಿಕೊಲಸ್ ಹಿಲಿಯರ್ಡ್ ಅಕ್ಕಸಾಲಿಗನಾಗಿ ಕೆಲಸ ಕಲಿತವನು. ತೆಳ್ಳಗಿನ ಚರ್ಮಪತ್ರವನ್ನು ಇಸ್ಪೀಟು ಎಲೆಯ ಹಿಂಬದಿಗೆ ಅಂಟಿಸಿ, ಅದರ ಮೇಲೆ ಅಳಿಲಿನ ಕೂದಲ ಕುಂಚದಿಂದ ಬರೆಯುತ್ತಿದ್ದ. ನಮ್ಮಲ್ಲಿ ಇಸ್ಪೀಟಿನಂಥ ಎಲೆಯೇ ಚಿತ್ರ, ಅಲ್ಲಿ ಅದು ಚಿತ್ರದ ಬೆನ್ನು. 1600ರ ಸುಮಾರಿಗೆ ಅವನು ಬರೆದ ಕೈಪಿಡಿಯಲ್ಲಿ ಕುಂಚ ಬಣ್ಣಗಳಿಗೆ ಇರುವಷ್ಟೇ ಕಾಳಜಿ ಕೂರುವ ಜಾಗದ ಬಗ್ಗೆಯೂ ಇದೆ. ಬೆಳಕು ಒಂದೇ ಕಡೆಯಿಂದ, ಉತ್ತರ ದಿಕ್ಕಿನಿಂದ, ಸ್ವಲ್ಪ ಪೂರ್ವಕ್ಕೆ ವಾಲಿ ಬರಬೇಕು. ನೇರ ಬಿಸಿಲು ಬೀಳಬಾರದು. ಎಳೆ ಉದುರದ ರೇಷ್ಮೆ ಬಟ್ಟೆ ತೊಡಬೇಕು; ತಲೆಯ ಹೊಟ್ಟಾಗಲಿ ಎಂಜಲ ಹನಿಯಾಗಲಿ ಚಿತ್ರದ ಮೇಲೆ ಬೀಳಬಾರದು. ಮುಖ ಎಷ್ಟು ಹತ್ತಿರ ಇರುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಕಿನ ಮಾತು ಬಂದದ್ದಕ್ಕೆ ಥಾಮಸ್ ರೋ ನೆನಪಾಗುತ್ತಾನೆ. ಜಹಾಂಗೀರನ ಆಸ್ಥಾನಕ್ಕೆ ಬಂದಿದ್ದ ಈ ಇಂಗ್ಲಿಷ್ ರಾಯಭಾರಿ 1616ರಲ್ಲಿ ತನ್ನ ಬಳಿಯಿದ್ದ ಒಂದು ಚಿಕಣಿ ಭಾವಚಿತ್ರವನ್ನು ಚಕ್ರವರ್ತಿಗೆ ತೋರಿಸಿದ. ಇದರಂಥದ್ದನ್ನು ನಿಮ್ಮವರು ಬರೆಯಲಾರರು ಎಂಬ ಧೈರ್ಯ ಅವನದು. ಕೆಲವು ದಿನ ಕಳೆದು ಜಹಾಂಗೀರ್ ಒಂದು ರಾತ್ರಿ ಅವನನ್ನು ಕರೆಸಿ ಆರು ಚಿತ್ರ ಮುಂದಿಟ್ಟ. ಐದು ನಕಲು, ಒಂದು ಅಸಲು. ಮೇಣದ ಬತ್ತಿಯ ಬೆಳಕಿನಲ್ಲಿ ತನ್ನದು ಯಾವುದೆಂದು ಹುಡುಕಲು ತಾನು ಪೇಚಾಡಬೇಕಾಯಿತು ಎಂದು ರೋ ತನ್ನ ದಿನಚರಿಯಲ್ಲಿ ಒಪ್ಪಿಕೊಂಡಿದ್ದಾನೆ. ಮೊಘಲ್ ಕಲಾವಿದನ ಕೈಚಳಕಕ್ಕೆ ಉದಾಹರಣೆಯಾಗಿ ಈ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನಾನು ಒಂದು ಮಾತು ಸೇರಿಸುತ್ತೇನೆ: ರೋಗೆ ಆಗ ಮೂವತ್ತೈದು ವರ್ಷ, ಚಾಳೀಸಿನ ಕಾಲವಲ್ಲ. ಕಣ್ಣು ಚೆನ್ನಾಗಿದ್ದರೂ ಬೆಳಕು ಸಾಲದಿದ್ದರೆ ಸೂಕ್ಷ್ಮ ಕಾಣುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಯಾಗಿ, ಇಪ್ಪತ್ತರ ಕಣ್ಣಿಗೆ ಸೇರುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿನ ಒಳಪರದೆಯನ್ನು ಮುಟ್ಟುತ್ತದೆ.

ಮಸೂರಕ್ಕೂ ಮಿತಿಯಿದೆ. ವೆನಿಸ್‌ನ ರೊಸಾಲ್ಬಾ ಕಾರಿಯೆರಾ ನಶ್ಯದ ಡಬ್ಬಿಯ ಮುಚ್ಚಳಗಳಿಗೆ ದಂತದ ಮೇಲೆ ಚಿಕಣಿ ಚಿತ್ರ ಬರೆದು ಹೆಸರು ಮಾಡಿದಳು. ಮುಂದೆ ದೊಡ್ಡ ಅಳತೆಯ ಪ್ಯಾಸ್ಟೆಲ್ ಭಾವಚಿತ್ರಗಳಿಂದ ಯುರೋಪಿಗೆಲ್ಲ ಗೊತ್ತಾದಳು. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ದೃಷ್ಟಿ ಉಳಿಯಲಿಲ್ಲ. ಕೊನೆಯ ವರ್ಷಗಳನ್ನು ಕತ್ತಲಲ್ಲಿ ಕಳೆದಳು. ಪೊರೆಗೆ ಕನ್ನಡಕ ಮದ್ದಲ್ಲ.

ಇಲ್ಲಿ ನನಗೆ ನಾನೇ ಒಂದು ಎಚ್ಚರಿಕೆ ಹೇಳಿಕೊಳ್ಳಬೇಕು. ಎಲ್ಲವನ್ನೂ ಕಣ್ಣಿನ ಲೆಕ್ಕಕ್ಕೆ ಬರೆಯುವ ಚಪಲವೂ ಹಳೆಯದೇ. ಎಲ್ ಗ್ರೆಕೊನ ಚಿತ್ರಗಳಲ್ಲಿ ಮನುಷ್ಯರು ಉದ್ದುದ್ದ ಇರುವುದಕ್ಕೆ ಅವನ ಕಣ್ಣಿನ ದೋಷ ಕಾರಣ ಎಂದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ವಾದ ಬಂತು. ಅದು ನಿಲ್ಲುವುದಿಲ್ಲ. ಅವನಿಗೆ ಮನುಷ್ಯ ಉದ್ದ ಕಂಡಿದ್ದರೆ ಕ್ಯಾನ್ವಾಸಿನ ಮೇಲಿನ ಮನುಷ್ಯನೂ ಅಷ್ಟೇ ಉದ್ದ ಕಾಣಬೇಕಿತ್ತು. ಎರಡೂ ಒಂದಕ್ಕೊಂದು ವಜಾ ಆಗಿ ಚಿತ್ರ ಸರಿಯಾಗೇ ಬರುತ್ತಿತ್ತು. ಅವನು ಉದ್ದ ಬರೆದದ್ದು ಬೇಕೆಂದೇ. ಹಾಗಾಗಿ ಆಕಾರ, ಬಣ್ಣ, ಭಾವ ಇವುಗಳ ವಿಷಯದಲ್ಲಿ ಕಣ್ಣನ್ನು ಸಾಕ್ಷಿಗೆ ಕರೆಯುವಾಗ ಹುಷಾರಾಗಿರಬೇಕು. ಆದರೆ ಎರಡು ಗೆರೆಗಳ ನಡುವೆ ಇರುವ ಕೂದಲೆಳೆಯ ಜಾಗ ಕಾಣದಿದ್ದರೆ ಅದನ್ನು ಬಿಡಿಸುವುದು ಯಾರಿಂದಲೂ ಆಗದು. ಅಷ್ಟರ ಮಟ್ಟಿಗೆ ಮೇಷ್ಟ್ರ ಮಾತು ಗಟ್ಟಿ.

*

ಮೇಷ್ಟ್ರನ್ನು ಒಪ್ಪಿಸಲು ನಾನು ಬಳಸಿದ್ದು ರಿಜಾ ಅಬ್ಬಾಸಿಯ ಚಿತ್ರ. ಪ್ರಿಂಟ್ ತೆಗೆದು ಕೊಟ್ಟೆ. ಬಹಳ ಹೊತ್ತು ನೋಡಿ, "ಇವರು ಹಾಕ್ಕೊಂಡಿದ್ರೆ ನನಗೇನಮ್ಮಾ ದೊಡ್ಡಸ್ತಿಕೆ" ಎಂದರು. ಹೊರಟೆವು. ಮೊದಲು ಕಣ್ಣಿನ ವೈದ್ಯರ ಹತ್ತಿರ ಹೋಗಿ ಪೊರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಕಾರಿಯೆರಾಳ ಕಥೆ ಓದಿದ್ದ ನನಗೆ ಅದೊಂದು ದೊಡ್ಡ ಸಮಾಧಾನ.

ಆಮೇಲಿನದು ಸುಲಭ ಎಂದುಕೊಂಡದ್ದು ತಪ್ಪಾಯಿತು. ಕನ್ನಡಕದ ಅಂಗಡಿಯೊಂದರಲ್ಲಿ, ದೂರ ಹತ್ತಿರ ಎಲ್ಲದಕ್ಕೂ ಆಗುತ್ತದೆ ಎಂದು ಪ್ರೋಗ್ರೆಸಿವ್ ಗಾಜು ಹಾಕಿಕೊಟ್ಟರು. ಅದರಲ್ಲಿ ಹತ್ತಿರದ್ದು ಕಾಣುವ ಭಾಗ ಗಾಜಿನ ತಳದಲ್ಲಿ ಕಿರಿದಾಗಿ ಇರುತ್ತದೆ. ಪುಸ್ತಕ ತೊಡೆಯ ಮೇಲಿಟ್ಟು ಓದಲು ಸರಿ. ಮೇಷ್ಟ್ರು ಹಲಗೆಯನ್ನು ಓರೆಯಾಗಿ ಎತ್ತಿ ಮುಖದ ಮುಂದೆ ಹಿಡಿಯುವವರು. ಗದ್ದ ಮೇಲೆತ್ತಿಯೇ ನೋಡಬೇಕಾಯಿತು. ಎರಡೇ ದಿನಕ್ಕೆ ಕುತ್ತಿಗೆ ಹಿಡಿಯಿತು. ಮತ್ತೆ ಓದುವ ಕನ್ನಡಕ ತಂದೆವು, ಪ್ಲಸ್ 2.5. ರೆಪ್ಪೆಗೆ ಅದು ಸಾಲಲಿಲ್ಲ. ನಾನೇ ಹುಡುಕಿ ತಲೆಗೆ ಪಟ್ಟಿ ಕಟ್ಟಿಕೊಳ್ಳುವ ಒಂದು ಭೂತಗನ್ನಡಿ ತರಿಸಿದೆ. ಅವರು ಅದನ್ನು ಓದುವ ಕನ್ನಡಕದ ಮೇಲೆಯೇ ಹಾಕಿಕೊಂಡರು. ಹಲಗೆ ಒಂದು ಗೇಣಿಗಿಂತ ಹತ್ತಿರ ಬಂದರೆ ಮಾತ್ರ ಕಾಣುತ್ತಿತ್ತು. ಬೆನ್ನು ಬಾಗಿತು, ಕುಂಚದ ಹಿಡಿ ಗಾಜಿಗೆ ತಗುಲಿತು. "ಬೇಡ ಬಿಡಮ್ಮಾ, ಇದು ನನಗೆ ಹೇಳಿಮಾಡಿಸಿದ್ದಲ್ಲ" ಎಂದು ತೆಗೆದಿಟ್ಟರು.

ತಪ್ಪು ಅವರದ್ದಲ್ಲ, ಲೆಕ್ಕದ್ದು. ಮಸೂರದ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. 100 ಸೆಂಟಿಮೀಟರನ್ನು ಆ ಸಂಖ್ಯೆಯಿಂದ ಭಾಗಿಸಿದರೆ, ಚಾಳೀಸು ಪೂರ್ತಿ ಬಂದ ಕಣ್ಣಿಗೆ ಆ ಗಾಜಿನಲ್ಲಿ ಸ್ಪಷ್ಟ ಕಾಣುವ ದೂರ ಸಿಗುತ್ತದೆ. ಪ್ಲಸ್ 2.5ಕ್ಕೆ 40 ಸೆಂಟಿಮೀಟರ್, ಪ್ಲಸ್ 5ಕ್ಕೆ 20. ಒಂದರ ಮೇಲೊಂದು ಹಾಕಿದರೆ ಶಕ್ತಿಗಳು ಕೂಡಿಕೊಳ್ಳುತ್ತವೆ, ದೂರ ಕುಗ್ಗುತ್ತದೆ. ಆ ಪಟ್ಟಿಯ ಗಾಜು ಸುಮಾರು 2.8, ಓದುವ ಕನ್ನಡಕದ ಜೊತೆ ಸೇರಿ 5.3, ದೂರ 19 ಸೆಂಟಿಮೀಟರ್. ಓದುವ ಕನ್ನಡಕ ತೆಗೆದು ದೂರದ ಕನ್ನಡಕದ ಮೇಲೆ ಅದನ್ನು ಹಾಕಿದ್ದರೆ 36 ಸೆಂಟಿಮೀಟರ್ ಸಿಗುತ್ತಿತ್ತು.

ಆಗ ನಾನು ಮೇಷ್ಟ್ರನ್ನು ಕೇಳಿದೆ, ಕಣ್ಣು ಚೆನ್ನಾಗಿದ್ದಾಗ ಹಲಗೆ ಎಷ್ಟು ದೂರ ಹಿಡಿಯುತ್ತಿದ್ದಿರಿ ಎಂದು. ಯೋಚಿಸದೆ ಹೇಳಿದರು: "ಒಂದೂವರೆ ಗೇಣು. ನಮ್ಮ ಗುರುಗಳು ಬೆರಳಿಟ್ಟು ಅಳೆದು ಕೂರಿಸೋರು. ಅದಕ್ಕಿಂತ ಹತ್ತಿರ ಹೋದ್ರೆ ಕೈ ಆಡಲ್ಲ, ದೂರ ಹೋದ್ರೆ ಕಣ್ಣು ಆಡಲ್ಲ." ಟೇಪು ಹಿಡಿದು ನೋಡಿದೆ. ಅವರ ಒಂದೂವರೆ ಗೇಣು ಸುಮಾರು 34 ಸೆಂಟಿಮೀಟರ್.

ಅಂಗಡಿಯಲ್ಲಿ ನಾವು ಕೇಳುತ್ತಿದ್ದದ್ದು, ಎಷ್ಟು ಪಟ್ಟು ದೊಡ್ಡದು ಕಾಣುತ್ತದೆ ಎಂದು. ಕೇಳಬೇಕಿದ್ದದ್ದು ಎಷ್ಟು ದೂರದಲ್ಲಿ ಎಂದು. ತಲೆಪಟ್ಟಿಯ ಗಾಜುಗಳಲ್ಲಿ 1.75 ಪಟ್ಟಿನದು ಸುಮಾರು 14 ಇಂಚಿನಲ್ಲಿ ಕಾಣಿಸುತ್ತದೆ, 2.5 ಪಟ್ಟಿನದು 8 ಇಂಚಿನಲ್ಲಿ, 3.5 ಪಟ್ಟಿನದು ಬರೀ 4 ಇಂಚಿನಲ್ಲಿ. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದು. ತಲೆ ಒಂದು ಬೆರಳು ಅಲುಗಿದರೂ ಗೆರೆ ಮಬ್ಬು. ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದು. ಗಡಿಯಾರ ರಿಪೇರಿಯವರ ಒಂಟಿಗಣ್ಣಿನ ಲೂಪಿನಲ್ಲಿ ಸೂಕ್ಷ್ಮ ಚೆನ್ನಾಗಿ ಕಾಣುತ್ತದೆ, ಆದರೆ ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ಕುಂಚದ ತುದಿ ಕಾಗದ ಮುಟ್ಟಿತೋ ಇಲ್ಲವೋ ಎಂಬ ಕ್ಷಣವೇ ಕೈತಪ್ಪುತ್ತದೆ. ಶಸ್ತ್ರವೈದ್ಯರೂ ದಂತವೈದ್ಯರೂ ಹಾಕುವ ಪುಟ್ಟ ದುರ್ಬೀನಿನಂಥ ಕನ್ನಡಕದಲ್ಲಿ 2.5 ಪಟ್ಟನ್ನು 40 ಸೆಂಟಿಮೀಟರ್ ದೂರ ಇಟ್ಟುಕೊಂಡೇ ಪಡೆಯಬಹುದು. ಬೆನ್ನಿಗೆ ಒಳ್ಳೆಯದು. ಬೆಲೆ ನಮ್ಮ ಕೈಗೆಟುಕುವುದಲ್ಲ.

ಕೊನೆಗೆ ದೃಷ್ಟಿ ಪರೀಕ್ಷೆ ಮಾಡುವ ಒಬ್ಬ ಹುಡುಗಿ ದಾರದಿಂದ ಅವರ ಒಂದೂವರೆ ಗೇಣನ್ನು ಅಳೆದುಕೊಂಡಳು. ಆ ದೂರಕ್ಕೇ ಪೂರ್ತಿ ಗಾಜಿನ ಕನ್ನಡಕ ಬರೆದುಕೊಟ್ಟಳು, ಪ್ಲಸ್ 3. ದಿನದ ಕೆಲಸಕ್ಕೆ ಅದು. ರೆಪ್ಪೆ, ಉಗುರು, ಮೂಗುತಿಗೆ ಮಾತ್ರ ತಲೆಪಟ್ಟಿ, ಅದೂ ದೂರದ ಕನ್ನಡಕದ ಮೇಲೆ. ಎಡಗಡೆಯಿಂದ ಒಂದು ಬಿಳಿ ದೀಪ. ಪ್ರತಿ ಹತ್ತು ಹದಿನೈದು ನಿಮಿಷಕ್ಕೆ ಎಲ್ಲ ತೆಗೆದು, ಎಲೆಯನ್ನು ಒಂದು ಮೊಳ ದೂರ ಹಿಡಿದು ನೋಡಬೇಕೆಂಬ ನಿಯಮವನ್ನು ಮೇಷ್ಟ್ರೇ ಮಾಡಿಕೊಂಡರು. "ಆಡೋರು ಭೂತಗನ್ನಡಿ ಹಿಡಿದು ಎಲೆ ಆಡ್ತಾರೇನಮ್ಮಾ? ಅವರಿಗೆ ಕಾಣಿಸದ್ದು ನಾನು ಬರೆದರೆ ಅದು ನನ್ನ ಚಟ."

ಇದೆಲ್ಲ ಒಬ್ಬ ಮೇಷ್ಟ್ರ ಕಥೆ ಎನ್ನಬಹುದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರನ್ನು ನೋಡಿತು. ಅರ್ಧದಷ್ಟು ಜನರಿಗೆ ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟರು. ಕನ್ನಡಕ ಸಿಕ್ಕವರು ಬಿಡಿಸಿದ ಎಲೆಯ ಪ್ರಮಾಣ, ಸಿಗದವರಿಗೆ ಹೋಲಿಸಿದರೆ, ಶೇ. 21.7ರಷ್ಟು ಹೆಚ್ಚಾಯಿತು. ನೇಯುವವರು, ಹೊಲಿಯುವವರು, ಕೆತ್ತುವವರು, ಪೋಣಿಸುವವರು ಎಷ್ಟು ಮಂದಿ ನಲವತ್ತೈದಕ್ಕೇ ಕೈಕೆಲಸ ಬಿಟ್ಟಿರಬಹುದು? ಅದನ್ನು ನಾವು ಕಸುಬಿನ ಅವನತಿ ಎಂದು ಎಷ್ಟು ಕಡೆ ಬರೆದಿದ್ದೇವೆ?

ನನ್ನ ಮೂರನೇ ಅಧ್ಯಾಯದ ಆ ವಾಕ್ಯವನ್ನು ತೆಗೆದಿದ್ದೇನೆ. ಅದರ ಜಾಗದಲ್ಲಿ ಚಾಳೀಸು ಎಂದು ಬರೆಯಲೂ ಇಲ್ಲ, ಏಕೆಂದರೆ ಆ ಕಲಾವಿದನ ವಯಸ್ಸು ನನಗೆ ಈಗಲೂ ಗೊತ್ತಿಲ್ಲ. ಎರಡನೇ ಕಟ್ಟಿನಲ್ಲಿ ರೇಖೆ ದಪ್ಪವಾಗಿದೆ ಎಂದಷ್ಟೇ ಇದೆ. ಜೊತೆಗೆ ಮೊದಲು ನೋಡದೆ ಬಿಟ್ಟಿದ್ದ ಒಂದು ಮಾತನ್ನು ಸೇರಿಸಿದ್ದೇನೆ: ರೆಪ್ಪೆ ಒಂದೇ ಗೆರೆಯಾದರೂ ಆ ಗೆರೆ ಬಾಗಿದ ರೀತಿಯಲ್ಲಿ, ಮೈಯ ನಿಲುವಿನಲ್ಲಿ, ಕೈ ಮೊದಲಿಗಿಂತ ಪಳಗಿದೆ.

ಮೇಷ್ಟ್ರು ಹೋದ ವಾರ ಒಂದು ಎಲೆ ಮುಗಿಸಿದರು. ಮತ್ಸ್ಯಾವತಾರ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ದುಂಡನೆಯ ಎಲೆ. ಮೀನಿನ ಹುರುಪೆಗಳನ್ನು ಎಣಿಸಲು ಹೋದೆ, ಲೆಕ್ಕ ತಪ್ಪಿತು. "ನಿನಗೂ ಪರೀಕ್ಷೆ ಮಾಡಿಸೋಣವೇನಮ್ಮಾ?" ಎಂದು ಕನ್ನಡಕ ಹಣೆಗೇರಿಸಿ ನಕ್ಕರು.